ಬಜೆಟ್ಟನ್ನು ಎಕ್ಸೆಲ್ ಹಾಳೆಗೇ ಬಿಟ್ಟಾಗ: ಎಲ್ಲಿ ಎಡವುತ್ತೇವೆ, ಹೇಗೆ ಸರಿಪಡಿಸಿಕೊಳ್ಳಬೇಕು

ಫೆಬ್ರುವರಿ ಮುಗಿಯುತ್ತ ಬಂದಂತೆ ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಲ್ಲಿ ಮುಂದಿನ ಆರ್ಥಿಕ ವರ್ಷದ ಬಜೆಟ್ ಸಿದ್ಧಪಡಿಸುವ ಕೆಲಸ ಶುರುವಾಗುತ್ತದೆ. ಪೀಣ್ಯದ ಮೆಷಿನ್ ಶಾಪ್ ಇರಲಿ, ಶಿರಸಿಯ ಅಡಿಕೆ ವ್ಯಾಪಾರವಿರಲಿ, ಬಹುತೇಕ ಕಡೆ ಆ ಕೆಲಸ ನಡೆಯುವ ಕ್ರಮ ಒಂದೇ: ಹೋದ ವರ್ಷದ ಎಕ್ಸೆಲ್ ಫೈಲನ್ನು ನಕಲು ಮಾಡಿ, ಹೆಸರಿನಲ್ಲಿ ವರ್ಷ ಬದಲಿಸಿ, ಮಾರಾಟಕ್ಕೆ ಶೇ. 15, ಸಂಬಳಕ್ಕೆ ಶೇ. 10 ಏರಿಸಿ, ಕೊನೆಯ ಸಾಲಿನಲ್ಲಿ ಬರುವ ಲಾಭವನ್ನು ನೋಡಿ ಸಮಾಧಾನಪಟ್ಟುಕೊಳ್ಳುವುದು. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ರೂಪಿಸಿದ ವಿಸಿಕ್ಯಾಲ್ಕ್ ಎಂಬ ಲೆಕ್ಕದ ಹಾಳೆಯ ತಂತ್ರಾಂಶ ಮಾರುಕಟ್ಟೆಗೆ ಬಂದಾಗ, ಒಂದು ಅಂಕಿಯನ್ನು ಬದಲಿಸಿದರೆ ಅದನ್ನು ನೆಚ್ಚಿಕೊಂಡ ಲೆಕ್ಕವೆಲ್ಲ ತಾನಾಗಿಯೇ ಬದಲಾಗುತ್ತದೆ ಎಂಬುದೇ ಅದರ ದೊಡ್ಡ ಆಕರ್ಷಣೆಯಾಗಿತ್ತು. ಆ ಅನುಕೂಲದ ಬೆಲೆ ಇಂದಿಗೂ ಕಡಿಮೆಯಾಗಿಲ್ಲ. ತೊಂದರೆ ಇರುವುದು ಬೇರೆ ಕಡೆ. ಹಾಳೆಯು ತಪ್ಪು ಉತ್ತರವನ್ನೂ ಸರಿಯುತ್ತರದಷ್ಟೇ ಅಚ್ಚುಕಟ್ಟಾಗಿ ತೋರಿಸುತ್ತದೆ, ಮತ್ತು ಅದನ್ನು ಕಟ್ಟಿದವರನ್ನು ಬಿಟ್ಟರೆ ಬೇರೆ ಯಾರಿಗೂ ಆ ಉತ್ತರವನ್ನು ಪ್ರಶ್ನಿಸುವ ದಾರಿ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಈಗಿರುವ ಹಾಳೆಯನ್ನು ಹೇಗೆ ಪರೀಕ್ಷಿಸಬೇಕು, ಯಾವ ಕೆಲಸವನ್ನು ಅದರಿಂದ ಹೊರಗೆ ತೆಗೆಯಬೇಕು, ಯಾವುದನ್ನು ಅಲ್ಲೇ ಉಳಿಸಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಮೊತ್ತಗಳನ್ನು ಅನುಮಾನಿಸಿ

ಸಿ5ರಿಂದ ಸಿ16ರವರೆಗೆ ಹನ್ನೆರಡು ಬಗೆಯ ಖರ್ಚುಗಳಿವೆ, ಸಿ17ರಲ್ಲಿ ಅವುಗಳ ಮೊತ್ತವಿದೆ ಎಂದುಕೊಳ್ಳಿ. ವರ್ಷದ ಮಧ್ಯದಲ್ಲಿ ಹೊಸದೊಂದು ಖರ್ಚು, ಉದಾಹರಣೆಗೆ ಜನರೇಟರಿನ ಬಾಡಿಗೆ, ಸೇರಿಸಬೇಕಾಗುತ್ತದೆ. ಮೊತ್ತದ ಸಾಲಿನ ಮೇಲೆ ನಿಂತು ಹೊಸ ಸಾಲನ್ನು ತುರುಕಿದರೆ ಮೊತ್ತ ಒಂದು ಸಾಲು ಕೆಳಗೆ ಸರಿಯುತ್ತದೆ, ಆದರೆ ಅದರೊಳಗಿನ ಸೂತ್ರ ಸಿ16ಕ್ಕೇ ನಿಂತಿರುವ ಸಾಧ್ಯತೆ ಇರುತ್ತದೆ. ಎಕ್ಸೆಲ್ ಕೆಲವೊಮ್ಮೆ ವ್ಯಾಪ್ತಿಯನ್ನು ತಾನೇ ಹಿಗ್ಗಿಸುತ್ತದೆ, ಕೆಲವೊಮ್ಮೆ ಹಿಗ್ಗಿಸುವುದಿಲ್ಲ. ಅಪಾಯವಿರುವುದು ಈ ಅನಿಶ್ಚಿತತೆಯಲ್ಲೇ. ಸುಲಭದ ಪರಿಹಾರವೆಂದರೆ, ಮೊತ್ತದ ಸಾಲಿಗೂ ಕೊನೆಯ ಖರ್ಚಿಗೂ ನಡುವೆ ಬಣ್ಣ ತುಂಬಿದ ಒಂದು ಖಾಲಿ ಸಾಲನ್ನು ಬಿಟ್ಟು, ಆ ಖಾಲಿ ಸಾಲನ್ನೂ ಸೂತ್ರದ ವ್ಯಾಪ್ತಿಯೊಳಗೆ ಸೇರಿಸಿಕೊಳ್ಳುವುದು, ಮತ್ತು ಹೊಸ ಸಾಲುಗಳನ್ನು ಯಾವಾಗಲೂ ಅದರ ಮೇಲ್ಗಡೆಯೇ ತುರುಕುವುದು.

ಇಂಥ ತಪ್ಪು ಅನನುಭವಿಗಳಿಗಷ್ಟೇ ಆಗುವುದು ಎಂದು ಭಾವಿಸಬಾರದು. ಹಾರ್ವರ್ಡಿನ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಪ್ರಕಟಿಸಿದ ಪ್ರಬಂಧವು, ಸರ್ಕಾರಿ ಸಾಲ ಜಿಡಿಪಿಯ ಶೇ. 90ನ್ನು ದಾಟಿದ ದೇಶಗಳ ಬೆಳವಣಿಗೆ ಕುಸಿಯುತ್ತದೆ ಎಂದು ಹೇಳಿ ಹಲವು ದೇಶಗಳ ಮಿತವ್ಯಯದ ನೀತಿಗೆ ಆಧಾರವಾಗಿತ್ತು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ಮೂಲ ಹಾಳೆಯನ್ನು ತರಿಸಿ ನೋಡಿದಾಗ, ಸರಾಸರಿಯ ಸೂತ್ರ 49ನೇ ಸಾಲಿನವರೆಗೆ ಹೋಗಬೇಕಾದದ್ದು 44ಕ್ಕೇ ನಿಂತಿದ್ದು ಕಂಡಿತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಲೆಕ್ಕದಿಂದಲೇ ಬಿಟ್ಟುಹೋಗಿದ್ದವು. ಪ್ರಬಂಧದ ಮೇಲೆ ಬಂದ ಆಕ್ಷೇಪ ಅದೊಂದೇ ಆಗಿರಲಿಲ್ಲ, ಆದರೂ ಮೂರು ವರ್ಷ ಯಾರ ಕಣ್ಣಿಗೂ ಬೀಳದೆ ಉಳಿದದ್ದು ಐದು ಸಾಲುಗಳ ಈ ಸಣ್ಣ ಲೋಪ.

ನಿಮ್ಮ ಹಾಳೆಯನ್ನು ಪರೀಕ್ಷಿಸಲು ಅರ್ಧ ದಿನ ಎತ್ತಿಡಿ. ಕಂಟ್ರೋಲ್ ಕೀಲಿಯ ಜೊತೆಗೆ ಟ್ಯಾಬ್ ಕೀಲಿಯ ಮೇಲಿರುವ ಕೀಲಿಯನ್ನು ಒತ್ತಿದರೆ ಅಂಕಿಗಳ ಜಾಗದಲ್ಲಿ ಸೂತ್ರಗಳೇ ಕಾಣುತ್ತವೆ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಹನ್ನೆರಡು ಕಾಲಂಗಳಲ್ಲಿ ಒಂದೇ ಸಾಲಿನ ಸೂತ್ರ ಒಂದೇ ರೀತಿ ಇದೆಯೇ ಎಂದು ಅಡ್ಡಡ್ಡ ಓದುತ್ತ ಹೋಗಿ. ಮಧ್ಯದಲ್ಲೆಲ್ಲೋ ಸೂತ್ರವಿರಬೇಕಾದ ಕಡೆ ಬರೀ ಅಂಕಿ ಕುಳಿತಿದ್ದರೆ, ಯಾರೋ ಒಂದು ಸಂಜೆ ಮಾಲೀಕರ ಒತ್ತಾಯಕ್ಕೆ ಸೂತ್ರವನ್ನು ಅಳಿಸಿ ಬೇಕಾದ ಮೊತ್ತವನ್ನು ಟೈಪ್ ಮಾಡಿದ್ದಾರೆ ಎಂದೇ ತಿಳಿಯಬೇಕು. ಎಫ್5 ಒತ್ತಿ ‘ಸ್ಪೆಷಲ್’ ಆಯ್ಕೆಯಲ್ಲಿ ‘ಕಾನ್‌ಸ್ಟಂಟ್ಸ್’ ಆರಿಸಿದರೆ ಅಂಥ ಸೆಲ್‌ಗಳೆಲ್ಲ ಒಟ್ಟಿಗೆ ಗುರುತಾಗುತ್ತವೆ. ಬಳಿಕ ಅಡ್ಡ ಸಾಲುಗಳ ಮೊತ್ತಗಳನ್ನು ಕೂಡಿ, ಉದ್ದ ಕಾಲಂಗಳ ಮೊತ್ತಗಳನ್ನೂ ಕೂಡಿ, ಎರಡರ ವ್ಯತ್ಯಾಸವನ್ನು ಒಂದು ಸೆಲ್‌ನಲ್ಲಿ ತೋರಿಸಿ. ಆ ಸೆಲ್‌ನಲ್ಲಿ ಸೊನ್ನೆ ಬಿಟ್ಟು ಬೇರೇನೇ ಬಂದರೂ ಕೆಂಪಾಗುವಂತೆ ಮಾಡಿಡಿ.

ದಿನಾಂಕವೂ ಕೋಡ್ ಸಂಖ್ಯೆಯೂ ತಾವಾಗಿಯೇ ಬದಲಾಗುವುದು

ನನ್ನ ದೃಷ್ಟಿಯಲ್ಲಿ ಸೂತ್ರದ ತಪ್ಪಿಗಿಂತ ಹೆಚ್ಚು ಹಾನಿ ಮಾಡುವುದು ಹಾಳೆಯ ಅತಿಜಾಣತನ. ಬ್ಯಾಂಕಿನಿಂದ ಇಳಿಸಿಕೊಂಡ ಸಿಎಸ್‌ವಿ ಫೈಲನ್ನು (ಅಂಕಿಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿ ಬರೆದ ಸರಳ ಪಠ್ಯದ ಫೈಲು), ಕಂಪ್ಯೂಟರಿನ ಪ್ರದೇಶದ ಸೆಟ್ಟಿಂಗ್ ಅಮೆರಿಕದ್ದಾಗಿರುವಾಗ ನೇರವಾಗಿ ತೆರೆದರೆ ಏನಾಗುತ್ತದೆ ನೋಡಿ. 03/04/2025 ಎಂಬುದು ನಮಗೆ ಏಪ್ರಿಲ್ 3, ಹಾಳೆಗೆ ಮಾರ್ಚ್ 4. ಅಂದರೆ ಹೊಸ ಆರ್ಥಿಕ ವರ್ಷದ ಪಾವತಿ ಹಳೆಯ ವರ್ಷಕ್ಕೆ ಸೇರಿತು. ಏಪ್ರಿಲ್ 1 ಮತ್ತು 2ರ ನಮೂದುಗಳು ಜನವರಿ 4 ಮತ್ತು ಫೆಬ್ರುವರಿ 4 ಆಗುತ್ತವೆ, 5ನೆಯದು ಮೇ ತಿಂಗಳಿಗೂ 12ನೆಯದು ಡಿಸೆಂಬರಿಗೂ ಹಾರುತ್ತದೆ. ತನ್ನ ಸ್ಥಾನದಲ್ಲಿ ಉಳಿಯುವುದು ಏಪ್ರಿಲ್ 4 ಮಾತ್ರ. ಹದಿಮೂರರಿಂದ ಮುಂದಿನವು, ಹದಿಮೂರನೇ ತಿಂಗಳು ಇಲ್ಲವಾದ್ದರಿಂದ, ದಿನಾಂಕವೇ ಆಗದೆ ಬರೀ ಅಕ್ಷರಗಳಾಗಿ ಉಳಿದು, ತಿಂಗಳವಾರು ಮೊತ್ತ ಹಾಕುವ ಸೂತ್ರದಿಂದ ಸದ್ದಿಲ್ಲದೆ ಹೊರಗುಳಿಯುತ್ತವೆ. ಪರದೆಯ ಮೇಲೆ ಎಲ್ಲವೂ ದಿನಾಂಕದಂತೆಯೇ ಕಾಣುತ್ತವೆ. ಒಂದೇ ಸುಳಿವೆಂದರೆ, ನಿಜವಾದ ದಿನಾಂಕ ಮತ್ತು ಸಂಖ್ಯೆಗಳು ಸೆಲ್‌ನ ಬಲಕ್ಕೆ, ಅಕ್ಷರಗಳು ಎಡಕ್ಕೆ ಅಂಟಿಕೊಂಡಿರುತ್ತವೆ. ಯಾರಾದರೂ ಅಂದಕ್ಕಾಗಿ ಇಡೀ ಕಾಲಂ ಅನ್ನು ನಡುವಿಗೆ ತಂದಿದ್ದರೆ ಆ ಸುಳಿವೂ ಹೋಯಿತು.

ಜಿಎಸ್‌ಟಿಗಾಗಿ ಸರಕುಗಳನ್ನು ಗುರುತಿಸುವ ಎಚ್‌ಎಸ್‌ಎನ್ ಕೋಡ್‌ಗಳ ಪಾಡೂ ಅದೇ. ಅಡಿಕೆ 0802ರಲ್ಲಿ, ಕಾಫಿ 0901ರಲ್ಲಿ, ಕಾಳುಮೆಣಸು 0904ರಲ್ಲಿ ಬರುತ್ತವೆ. ಹಾಳೆ ಇವುಗಳನ್ನು ಸಂಖ್ಯೆಯೆಂದು ಭಾವಿಸಿ 802, 901, 904 ಮಾಡುತ್ತದೆ, ಆಮೇಲೆ ಬೇರೊಂದು ಪಟ್ಟಿಯ 0802ರ ಜೊತೆ ಹೊಂದಿಸಲು ಹೋದರೆ ಹೊಂದುವುದಿಲ್ಲ. ಮಲೆನಾಡಿನ ವ್ಯಾಪಾರಿಗಳ ಮುಖ್ಯ ಸರಕುಗಳೆಲ್ಲ ಸೊನ್ನೆಯಿಂದ ಶುರುವಾಗುವ ಅಧ್ಯಾಯಗಳಲ್ಲೇ ಇರುವುದು ಅವರ ದುರದೃಷ್ಟ. ಎಕ್ಸೆಲ್ ಸಂಖ್ಯೆಯೊಂದರಲ್ಲಿ 15 ಅಂಕೆಗಳನ್ನು ಮಾತ್ರ ನೆನಪಿಡುವುದರಿಂದ, 16 ಅಂಕೆಯ ಬ್ಯಾಂಕ್ ಖಾತೆ ಸಂಖ್ಯೆಯ ಕೊನೆಯ ಅಂಕೆ ಸೊನ್ನೆಯಾಗುತ್ತದೆ, ಮತ್ತು ಫೈಲನ್ನು ಒಮ್ಮೆ ಉಳಿಸಿದ ಮೇಲೆ ಅದನ್ನು ಮರಳಿ ಪಡೆಯಲಾಗುವುದಿಲ್ಲ. ವಿಜ್ಞಾನಿಗಳೂ ಇದಕ್ಕೆ ಸೋತವರೇ: ಮಾರ್ಚ್1, ಸೆಪ್ಟ್1 ಎಂಬಂಥ ವಂಶವಾಹಿಗಳ ಹೆಸರುಗಳನ್ನು ಹಾಳೆ ದಿನಾಂಕವಾಗಿ ಬದಲಿಸುತ್ತಿದ್ದ ಕಾರಣ, ಅವುಗಳಿಗೆ ಬೇರೆ ಹೆಸರುಗಳನ್ನು ಇಡಲಾಗಿದೆ ಎಂಬುದು 2020ರಲ್ಲಿ ಸುದ್ದಿಯಾಯಿತು.

ಪರಿಹಾರ ಕಷ್ಟದ್ದಲ್ಲ. ಸಿಎಸ್‌ವಿ ಫೈಲನ್ನು ಎರಡು ಸಲ ಕ್ಲಿಕ್ ಮಾಡಿ ತೆರೆಯುವುದನ್ನು ಕಚೇರಿಯಲ್ಲಿ ನಿಷೇಧಿಸಿ. ‘ಡೇಟಾ’ ಪಟ್ಟಿಯೊಳಗಿನ ‘ಫ್ರಮ್ ಟೆಕ್ಸ್ಟ್’ ದಾರಿಯಿಂದ ತಂದು, ಕೋಡ್ ಮತ್ತು ಖಾತೆ ಸಂಖ್ಯೆಯ ಕಾಲಂಗಳನ್ನು ‘ಟೆಕ್ಸ್ಟ್’ ಎಂದೂ ದಿನಾಂಕದ ಕಾಲಂ ಅನ್ನು ದಿನ-ತಿಂಗಳು-ವರ್ಷದ ಕ್ರಮವೆಂದೂ ನೀವೇ ಹೇಳಿ. ಎಲ್ಲ ಕಂಪ್ಯೂಟರುಗಳ ಪ್ರದೇಶದ ಸೆಟ್ಟಿಂಗನ್ನು ‘ಇಂಗ್ಲಿಷ್ (ಇಂಡಿಯಾ)’ ಮಾಡಿ. ಲಕ್ಷ-ಕೋಟಿಯ ಅಲ್ಪವಿರಾಮಗಳೂ ಆಗ ಸರಿಯಾಗಿ ಬರುತ್ತವೆ. ಸಂಖ್ಯೆಯಂತೆ ಕಾಣುವ ಅಕ್ಷರಗಳನ್ನು ಹಿಡಿಯಲು, ಆ ಕಾಲಂ ಮೇಲೆ ‘ಕೌಂಟ್’ ಮತ್ತು ‘ಕೌಂಟ್ಎ’ ಎರಡನ್ನೂ ಹಾಕಿ ನೋಡಿ. ಮೊದಲನೆಯದು ಸಂಖ್ಯೆಗಳನ್ನಷ್ಟೇ ಎಣಿಸುತ್ತದೆ, ಎರಡನೆಯದು ಖಾಲಿ ಅಲ್ಲದ ಎಲ್ಲವನ್ನೂ ಎಣಿಸುತ್ತದೆ, ಆದ್ದರಿಂದ ವ್ಯತ್ಯಾಸವಿದ್ದಷ್ಟು ನಮೂದುಗಳು ನಿಮ್ಮ ಮೊತ್ತದಲ್ಲಿ ಇಲ್ಲ. ಇಲ್ಲಿ ಇನ್ನೊಂದು ವಿಚಿತ್ರವಿದೆ: ಅಕ್ಷರವಾಗಿ ಕುಳಿತ 500ನ್ನು ಕೂಡು ಚಿಹ್ನೆ ಹಾಕಿ ಕೂಡಿಸಿದರೆ ಹಾಳೆ ಒಪ್ಪಿಕೊಳ್ಳುತ್ತದೆ, ‘ಸಮ್’ ಸೂತ್ರಕ್ಕೆ ಕೊಟ್ಟರೆ ಬಿಟ್ಟುಬಿಡುತ್ತದೆ.

ಹುಡುಕುವ ಸೂತ್ರಗಳು, ಮುಚ್ಚಿಡುವ ಸೂತ್ರಗಳು

ಪಟ್ಟಿಯೊಂದರಿಂದ ಬೇಕಾದ ಅಂಕಿಯನ್ನು ಹುಡುಕಿ ತರುವ ವಿಲುಕಪ್ ಸೂತ್ರದ ಕೊನೆಯ ಭಾಗವನ್ನು ಬರೆಯದೇ ಬಿಟ್ಟರೆ ಅದು ನಿಖರ ಹೊಂದಿಕೆಯನ್ನು ಹುಡುಕುವುದಿಲ್ಲ, ಸಮೀಪದ್ದನ್ನು ಕೊಡುತ್ತದೆ. ಪಟ್ಟಿ ಅಕ್ಷರಕ್ರಮದಲ್ಲಿ ಇಲ್ಲದಿದ್ದರೆ ಒಂದು ಬಿಡಿಭಾಗದ ಬೆಲೆ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಪ್ರತಿ ವಿಲುಕಪ್‌ನ ಕೊನೆಯಲ್ಲೂ ಸೊನ್ನೆ ಇದೆಯೇ ನೋಡಿ. ಅದಕ್ಕಿಂತ ಕೆಟ್ಟದ್ದು ‘ಇಫ್‌ಎರರ್’ ಬಳಸಿ ಎಲ್ಲ ದೋಷವನ್ನೂ ಸೊನ್ನೆಯಾಗಿಸುವ ಅಭ್ಯಾಸ. ಕಚ್ಚಾವಸ್ತುವಿನ ದರ ಸಿಗದೇಹೋದರೆ ಖರ್ಚು ಸೊನ್ನೆಯೆಂದು ಕಂಡು ಲಾಭ ಹೆಚ್ಚುತ್ತದೆ. ಹೆಚ್ಚಿದ ಲಾಭವನ್ನು ಯಾರೂ ಅನುಮಾನಿಸುವುದಿಲ್ಲ. ಸೊನ್ನೆಯ ಬದಲು ‘ದರ ಇಲ್ಲ’ ಎಂಬ ಪದವೇ ಬರುವಂತೆ ಬರೆಯಿರಿ. ಕೊನೆಯದಾಗಿ, ಹಾಳೆಯ ಲೆಕ್ಕದ ಕ್ರಮ ‘ಮ್ಯಾನ್ಯುಯಲ್’ ಆಗಿರಬಹುದು: ಆ ಕ್ರಮದಲ್ಲಿ ಉಳಿಸಿದ ಫೈಲೊಂದನ್ನು ಎಲ್ಲಕ್ಕಿಂತ ಮೊದಲು ತೆರೆದರೆ, ಆಮೇಲೆ ತೆರೆದ ನಿಮ್ಮ ಬಜೆಟ್ ಕೂಡ ಅದೇ ಕ್ರಮಕ್ಕೆ ಬಿದ್ದು, ಅಂಕಿ ಬದಲಿಸಿದರೂ ಮೊತ್ತ ಅಲುಗಾಡುವುದಿಲ್ಲ.

ಫೈಲು ಒಂದು, ಪ್ರತಿಗಳು ಹಲವು

‘ಬಜೆಟ್ ಫೈನಲ್’, ‘ಬಜೆಟ್ ಫೈನಲ್ 2’, ‘ಬಜೆಟ್ ಫೈನಲ್ ಸರ್ ಹೇಳಿದ್ದು’ ಎಂಬ ಮೂರು ಫೈಲುಗಳು ಒಂದೇ ಫೋಲ್ಡರಿನಲ್ಲಿ ಇಲ್ಲದ ಕಚೇರಿ ಅಪರೂಪ. ಮಾರಾಟ ವಿಭಾಗ ಒಂದು ಪ್ರತಿಯಲ್ಲಿ ತನ್ನ ಅಂದಾಜನ್ನು ತಗ್ಗಿಸಿರುತ್ತದೆ, ಖರೀದಿಯವರು ಹಳೆಯ ಪ್ರತಿಯನ್ನು ನೋಡಿ ಉಕ್ಕಿಗೆ ಆರ್ಡರ್ ಕೊಟ್ಟಿರುತ್ತಾರೆ, ಸಾಲಕ್ಕಾಗಿ ಬ್ಯಾಂಕಿಗೆ ಕೊಟ್ಟ ಸಿಎಂಎ ಡೇಟಾ ಎಂಬ ಹಣಕಾಸಿನ ಅಂದಾಜು ಪಟ್ಟಿಯಲ್ಲಿ ಇವೆರಡಕ್ಕೂ ಸಂಬಂಧವಿಲ್ಲದ ಮೂರನೆಯ ಅಂಕಿ ಇರುತ್ತದೆ. ಹಂಚಿಕೊಂಡ ಡ್ರೈವಿನಲ್ಲಿ ಒಂದೇ ಫೈಲನ್ನು ಇಟ್ಟು ಎಲ್ಲರೂ ಅದರಲ್ಲೇ ಬರೆಯುವುದರಿಂದ ಪ್ರತಿಗಳ ತಲೆನೋವು ಕಡಿಮೆಯಾಗುತ್ತದೆ. ಗೂಗಲ್ ಶೀಟ್ಸ್ ಮತ್ತು ಒನ್‌ಡ್ರೈವ್‌ನ ಎಕ್ಸೆಲ್ ಎರಡರಲ್ಲೂ ಹಳೆಯ ಆವೃತ್ತಿಗೆ ಮರಳುವ ಸೌಲಭ್ಯವಿದೆ. ಆದರೆ ಯಾವ ಅಂಕಿಯನ್ನು ಯಾರು ಬದಲಿಸಿದರು ಎಂಬುದು ಅಲ್ಲಿ ತಿಳಿದರೂ, ಏಕೆ ಬದಲಿಸಿದರು, ಯಾರು ಒಪ್ಪಿಗೆ ಕೊಟ್ಟರು ಎಂಬುದು ತಿಳಿಯುವುದಿಲ್ಲ. ಅದಕ್ಕಾಗಿ ಫೈಲಿನ ಮೊದಲ ಪುಟವನ್ನೇ ಬದಲಾವಣೆಯ ದಾಖಲೆಯಾಗಿ ಮೀಸಲಿಟ್ಟು, ದಿನಾಂಕ, ಬದಲಿಸಿದ ಸಾಲು, ಹಳೆಯ ಅಂಕಿ, ಹೊಸ ಅಂಕಿ, ಕಾರಣ, ಒಪ್ಪಿದವರ ಹೆಸರು ಇವಿಷ್ಟನ್ನು ಬರೆಯದೆ ಯಾವ ಬದಲಾವಣೆಯೂ ಇಲ್ಲ ಎಂಬ ನಿಯಮ ಮಾಡಿ. ಅಕೌಂಟ್ಸಿನವರು ಮೊದಲ ವಾರ ಗೊಣಗುತ್ತಾರೆ, ಗೊಣಗಲಿ.

ಕಂಪನಿಗಳ ಲೆಕ್ಕಪುಸ್ತಕಗಳ ವಿಷಯದಲ್ಲಿ ಕಾನೂನೇ ಇದನ್ನು ಕೇಳುತ್ತದೆ: 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ದಾಖಲಾಗಬೇಕು ಮತ್ತು ಆ ಸೌಲಭ್ಯವನ್ನು ನಿಷ್ಕ್ರಿಯಗೊಳಿಸಲು ಸಾಧ್ಯವಾಗಬಾರದು. ಬಜೆಟ್ ಲೆಕ್ಕಪುಸ್ತಕವಲ್ಲ, ಈ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ. ಆದರೆ ಬಜೆಟ್ ಹಾಳೆಯಲ್ಲೇ ಬಿಲ್ಲು, ಬಾಕಿ, ಪಾವತಿಗಳನ್ನೂ ಬರೆದುಕೊಂಡು ಬರುವ ರೂಢಿ ನಿಮ್ಮ ಕಂಪನಿಯಲ್ಲಿದ್ದರೆ, ಅದನ್ನು ನಿಮ್ಮ ಸಿಎ ಜೊತೆ ಕೂತು ಬೇಗ ಬಗೆಹರಿಸಿಕೊಳ್ಳುವುದು ಒಳ್ಳೆಯದು.

ಗುಟ್ಟಿನ ವಿಚಾರವನ್ನೂ ಇಲ್ಲೇ ಹೇಳಬೇಕು. ಸಂಬಳದ ಕಾಲಂ ಅನ್ನು ‘ಹೈಡ್’ ಮಾಡಿ ಫೈಲನ್ನು ಎಲ್ಲ ವಿಭಾಗಗಳಿಗೂ ಮೇಲ್ ಮಾಡುವವರು, ಅದನ್ನು ಮತ್ತೆ ತೋರಿಸಲು ಎರಡು ಕ್ಲಿಕ್ ಸಾಕು ಎಂಬುದನ್ನು ಮರೆಯುತ್ತಾರೆ. ಹಾಳೆಗೆ ಹಾಕುವ ಪಾಸ್‌ವರ್ಡ್ ಕೈತಪ್ಪಿ ಆಗುವ ತಿದ್ದುಪಡಿಯನ್ನು ತಡೆಯುತ್ತದೆಯೇ ಹೊರತು ನೋಡಲೇಬೇಕೆಂದು ಹೊರಟವರನ್ನಲ್ಲ. ಹಂಚುವ ಪ್ರತಿಯಲ್ಲಿ ಸಂಬಳದ ಒಟ್ಟು ಮೊತ್ತ ಮಾತ್ರ, ಅದೂ ಸೂತ್ರವಿಲ್ಲದ ಬರಿಯ ಅಂಕಿಯಾಗಿ ಇರಲಿ.

ಲಾಭ ಕಾಣುತ್ತದೆ, ಕೈಯಲ್ಲಿ ದುಡ್ಡಿಲ್ಲ

ಯೋಜನೆಯ ದೃಷ್ಟಿಯಿಂದ ಹಾಳೆಯ ದೊಡ್ಡ ಕೊರತೆ, ಅದು ಒಂದು ತಿಂಗಳಿಗೆ ಒಂದೇ ಕಾಲಂ ಕೊಡುವುದು. ಏಪ್ರಿಲ್‌ನಲ್ಲಿ 10,00,000 ರೂಪಾಯಿಯ ಬಿಲ್ ಮಾಡಿದಿರಿ, ಶೇ. 18ರ ಜಿಎಸ್‌ಟಿ 1,80,000. ಅದಕ್ಕೆ ಬೇಕಾದ 6,00,000 ರೂಪಾಯಿಯ ಸಾಮಗ್ರಿಗೆ ನೀವು ತೆತ್ತ ತೆರಿಗೆ 1,08,000. ತಿಂಗಳ ರಿಟರ್ನ್ ಸಲ್ಲಿಸುವವರಾದರೆ ಉಳಿದ 72,000 ರೂಪಾಯಿಯನ್ನು ಮೇ 20ರೊಳಗೆ ಕಟ್ಟಬೇಕು. ಗ್ರಾಹಕ ಹಣ ಕೊಡುವುದು ಜುಲೈನಲ್ಲಿ. ಬಜೆಟ್ ಹಾಳೆಯ ಏಪ್ರಿಲ್ ಕಾಲಂನಲ್ಲಿ ಲಾಭ ಹೊಳೆಯುತ್ತಿರುತ್ತದೆ. ಸಾಮಗ್ರಿ, ಸಂಬಳ, ತೆರಿಗೆ ಮೂರಕ್ಕೂ ಹಣ ಹೊರಟುಹೋಗಿ ಮೇ ತಿಂಗಳಲ್ಲಿ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲದ ಖಾತೆಯ ಮಿತಿ ತುಂಬಿರುತ್ತದೆ. ನೀವು ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಾಗಿ ನೋಂದಾಯಿತರಾಗಿದ್ದರೆ, ಲಿಖಿತ ಒಪ್ಪಂದವಿದ್ದಲ್ಲಿ ಹೆಚ್ಚೆಂದರೆ 45 ದಿನ, ಇಲ್ಲದಿದ್ದಲ್ಲಿ 15 ದಿನದೊಳಗೆ ಖರೀದಿದಾರರು ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಆದರೂ ಬಜೆಟ್ಟಿನಲ್ಲಿ ಹಾಕಬೇಕಾದದ್ದು ಕಾಯ್ದೆಯ ದಿನಗಳನ್ನಲ್ಲ, ಆ ಗ್ರಾಹಕ ಕಳೆದ ವರ್ಷ ನಿಜವಾಗಿ ತೆಗೆದುಕೊಂಡ ದಿನಗಳನ್ನು.

ಆದ್ದರಿಂದ ಲಾಭದ ಹಾಳೆಯಿಂದ ಬೇರೆಯಾಗಿ ನಗದಿನ ಹಾಳೆಯೊಂದನ್ನು ವಾರಗಳ ಲೆಕ್ಕದಲ್ಲಿ ಇಡಿ. ಮುಂದಿನ ಹದಿಮೂರು ವಾರ ಸಾಕು. ಪ್ರತಿ ದೊಡ್ಡ ಬಿಲ್ಲಿಗೂ ಬಿಲ್ ದಿನಾಂಕ, ವಾಯಿದೆ ದಿನಾಂಕ, ನಿರೀಕ್ಷಿತ ದಿನಾಂಕ ಎಂಬ ಮೂರು ಕಾಲಂಗಳಿರಲಿ. ತಿಂಗಳ 7ರ ಟಿಡಿಎಸ್, 15ರ ಪಿಎಫ್, 20ರ ಜಿಎಸ್‌ಟಿ, ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ರ ಮುಂಗಡ ತೆರಿಗೆ, ಬ್ಯಾಂಕಿನ ಕಂತು ಇವೆಲ್ಲ ಮೊದಲೇ ಅವುಗಳ ವಾರದಲ್ಲಿ ಕೂತಿರಲಿ.

ಶೇಕಡಾವಾರು ಏರಿಸುವ ರೂಢಿಯನ್ನು ಬಿಡುವುದು ಇದರಷ್ಟೇ ಮುಖ್ಯ. ಮಾರಾಟ ಶೇ. 15 ಹೆಚ್ಚಿದರೆ ಕೂಲಿಯೂ ಶೇ. 15 ಹೆಚ್ಚುತ್ತದೆ ಎಂಬುದು ಹಾಳೆಯಲ್ಲಿ ಎಳೆಯಲು ಸುಲಭ, ಕಾರ್ಖಾನೆಯಲ್ಲಿ ಸುಳ್ಳು. ಇರುವ ಕೆಲಸಗಾರರಿಂದಲೇ ಓವರ್‌ಟೈಮ್ ಮಾಡಿಸಿದರೆ ಕಾನೂನಿನಂತೆ ದುಪ್ಪಟ್ಟು ದರ ಕೊಡಬೇಕು. ವಿದ್ಯುತ್ ಬಿಲ್ಲಿನಲ್ಲಿ ಮಂಜೂರಾದ ಲೋಡಿಗೆ ತೆರುವ ಸ್ಥಿರ ಶುಲ್ಕ ಯಂತ್ರ ಓಡಿದರೂ ನಿಂತರೂ ಬರುತ್ತದೆ. ಹೀಗಾಗಿ ಉಕ್ಕಿನ ಕಿಲೋ ದರ, ಶಿಫ್ಟ್‌ಗಳ ಸಂಖ್ಯೆ, ಯೂನಿಟ್ ದರ, ಬಡ್ಡಿ ದರ ಮುಂತಾದ ಊಹೆಗಳನ್ನೆಲ್ಲ ಒಂದೇ ಪುಟಕ್ಕೆ ತಂದು, ಪ್ರತಿಯೊಂದರ ಮುಂದೆ ಅದರ ಮೂಲವನ್ನೂ ದಿನಾಂಕವನ್ನೂ ಅಳತೆಯನ್ನೂ ಬರೆಯಿರಿ. ಒಂದು ಪುಟ ರೂಪಾಯಿಯಲ್ಲಿ, ಇನ್ನೊಂದು ಲಕ್ಷದಲ್ಲಿ ಇರುವ ಫೈಲುಗಳು ಸಾಕಷ್ಟಿವೆ. ದೊಡ್ಡ ಗ್ರಾಹಕ ಒಂದು ತಿಂಗಳು ತಡ ಮಾಡಿದರೆ ಏನಾದೀತು ಎಂದು ನೋಡಲು ಇಡೀ ಹಾಳೆಯನ್ನು ನಕಲು ಮಾಡಬೇಡಿ, ಏಕೆಂದರೆ ಆಮೇಲೆ ಒಂದರಲ್ಲಿ ತಿದ್ದಿದ ತಪ್ಪು ಇನ್ನೊಂದರಲ್ಲಿ ಹಾಗೆಯೇ ಉಳಿಯುತ್ತದೆ. ಊಹೆಗಳ ಪುಟದಲ್ಲೇ ಸಾಧಾರಣ, ಕೆಟ್ಟದ್ದು, ಒಳ್ಳೆಯದು ಎಂದು ಮೂರು ಕಾಲಂ ಮಾಡಿ, ಒಂದು ಸೆಲ್‌ನಲ್ಲಿ 1, 2 ಅಥವಾ 3 ಬರೆದರೆ ‘ಚೂಸ್’ ಸೂತ್ರ ಬೇಕಾದ ಕಾಲಂ ಅನ್ನು ಎತ್ತಿಕೊಳ್ಳುವಂತೆ ಕಟ್ಟಿ.

ಹಾಳೆಯಿಂದ ಹೊರಗೆ ತೆಗೆಯಬೇಕಾದದ್ದು

ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆ 2020ರ ಶರತ್ಕಾಲದಲ್ಲಿ ಕೋವಿಡ್ ಪರೀಕ್ಷೆಗಳ ಫಲಿತಾಂಶವನ್ನು ಹಳೆಯ ಮಾದರಿಯ ಎಕ್ಸೆಲ್ ಫೈಲಿಗೆ ತುಂಬಿಸುತ್ತಿತ್ತು. ಆ ಮಾದರಿಯಲ್ಲಿ 65,536 ಸಾಲುಗಳಿಗಷ್ಟೇ ಜಾಗ. ಮಿತಿ ದಾಟಿದ ಸಾಲುಗಳು ಬಿದ್ದುಹೋಗಿ, 15,841 ಸೋಂಕಿತರು ದಿನದ ವರದಿಗಳಿಂದ ಬಿಟ್ಟುಹೋದರು. ಈಗಿನ ಹಾಳೆಯಲ್ಲಿ 10,48,576 ಸಾಲುಗಳಿವೆ, ಯಾವ ಸಣ್ಣ ಉದ್ದಿಮೆಗೂ ಅಷ್ಟು ಬೇಕಾಗದು. ಆದರೂ ಈ ಪ್ರಕರಣದಿಂದ ತಿಳಿಯಬೇಕಾದದ್ದು, ದಾಖಲೆಗಳ ಸಂಗ್ರಹಕ್ಕೆ ಹಾಳೆ ಸರಿಯಾದ ಜಾಗವಲ್ಲ ಎಂಬುದು. ಬಿಲ್ಲು, ವಸೂಲಿ, ಖರೀದಿ, ದಾಸ್ತಾನು ಇವೆಲ್ಲ ಲೆಕ್ಕದ ತಂತ್ರಾಂಶದಲ್ಲೇ ಇರಬೇಕು. ಟ್ಯಾಲಿ ಬಳಸುವವರು ಅದರೊಳಗೇ ಲೆಡ್ಜರ್ ಮತ್ತು ಕಾಸ್ಟ್ ಸೆಂಟರ್ ಮಟ್ಟದಲ್ಲಿ ಬಜೆಟ್ ನಮೂದಿಸಿ, ನಿಜವಾದ ಖರ್ಚಿನೊಂದಿಗಿನ ವ್ಯತ್ಯಾಸವನ್ನು ನೋಡಬಹುದು. ದುಡ್ಡು ಕೊಟ್ಟು ಕೊಂಡ ಈ ಸೌಲಭ್ಯವನ್ನು ಮುಟ್ಟಿಯೂ ನೋಡದವರು ಬಹಳ.

ಪ್ರತ್ಯೇಕವಾದ ಯೋಜನಾ ತಂತ್ರಾಂಶಕ್ಕೆ ಆತುರಪಡಬೇಕಿಲ್ಲ. ಒಂದೇ ಘಟಕ, ಒಂದೇ ಬ್ಯಾಂಕ್ ಖಾತೆ, ಬಜೆಟ್ ಬರೆಯುವವರು ಇಬ್ಬರು ಎಂಬಲ್ಲಿ ಶಿಸ್ತಿನ ಹಾಳೆಯೇ ಸಾಕು, ಮಾರಾಟಗಾರರ ಮಾತಿಗೆ ಮರುಳಾಗಿ ವರ್ಷವರ್ಷವೂ ಚಂದಾ ತೆರುವುದು ದಂಡ. ಮೂರ್ನಾಲ್ಕು ವಿಭಾಗಗಳ ಫೈಲುಗಳನ್ನು ಕೈಯಿಂದ ಅಂಟಿಸಿ ಒಟ್ಟುಗೂಡಿಸಬೇಕಾದಾಗ, ತಿಂಗಳ ವರದಿ ಮುಂದಿನ ತಿಂಗಳ ಅರ್ಧ ಕಳೆದ ಮೇಲೆ ಬರುವಾಗ, ಹಾಳೆ ಕಟ್ಟಿದ ಒಬ್ಬರು ರಜೆ ಹಾಕಿದರೆ ಎಲ್ಲರೂ ಕಾಯಬೇಕಾದಾಗ ಮಾತ್ರ ಬೇರೆ ದಾರಿ ನೋಡಬೇಕು. ಕೈಯಿಂದ ಅಂಟಿಸುವ ಕೆಲಸ ದೊಡ್ಡವರನ್ನೂ ಬಿಟ್ಟಿಲ್ಲ: 2012ರಲ್ಲಿ ಜೆಪಿ ಮಾರ್ಗನ್ ಬ್ಯಾಂಕಿನ ಲಂಡನ್ ಕಚೇರಿಯ ವಹಿವಾಟಿನಲ್ಲಿ 600 ಕೋಟಿ ಡಾಲರಿಗೂ ಹೆಚ್ಚು ನಷ್ಟವಾದಾಗ, ಅಪಾಯವನ್ನು ಅಳೆಯುವ ಮಾದರಿ ಕಾಪಿ-ಪೇಸ್ಟ್ ಮಾಡುವ ಹಾಳೆಗಳ ಮೇಲೆ ನಡೆಯುತ್ತಿದ್ದುದೂ, ಅದರ ಒಂದು ಸೂತ್ರ ಸರಾಸರಿಯಿಂದ ಭಾಗಿಸುವ ಬದಲು ಮೊತ್ತದಿಂದ ಭಾಗಿಸಿ ಅಪಾಯವನ್ನು ಕಡಿಮೆ ತೋರಿಸಿದ್ದೂ ಬ್ಯಾಂಕಿನದೇ ತನಿಖಾ ವರದಿಯಲ್ಲಿ ಹೊರಬಂತು. ನಷ್ಟಕ್ಕೆ ಕಾರಣ ಆ ವಹಿವಾಟುಗಳೇ, ಹಾಳೆ ಅವುಗಳ ಅಪಾಯವನ್ನು ಮರೆಮಾಚಿತು.

ಬದಲಾಯಿಸುವುದಾದರೆ ಏಪ್ರಿಲ್‌ನಲ್ಲಿ ಬೇಡ. ಆಗ ಅಕೌಂಟ್ಸಿನವರು ಹಳೆಯ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿರುತ್ತಾರೆ. ಜುಲೈನಿಂದ ಶುರುಮಾಡಿ ಒಂದು ತ್ರೈಮಾಸಿಕದವರೆಗೆ ಹಳೆಯ ಹಾಳೆಯನ್ನೂ ಹೊಸ ವ್ಯವಸ್ಥೆಯನ್ನೂ ಜೊತೆಜೊತೆಗೆ ನಡೆಸಿ, ತಿಂಗಳ ಕೊನೆಗೆ ಎರಡರ ವ್ಯತ್ಯಾಸವನ್ನು ಸಾಲುಸಾಲಾಗಿ ಹುಡುಕಿ. ಎರಡೂ ತಾಳೆಯಾಗದಿದ್ದರೆ ಹೊಸದರಲ್ಲೇ ದೋಷವಿದೆ ಎಂದು ಮೊದಲೇ ತೀರ್ಮಾನಿಸಬೇಡಿ, ಹಳೆಯ ಹಾಳೆಯ ಸೂತ್ರಗಳಿಂದಲೇ ಹುಡುಕಾಟ ಆರಂಭಿಸಿ. ತಾಳೆಯಾದ ಮೇಲೆ ಹಳೆಯ ಫೈಲನ್ನು ಅಳಿಸದೆ, ಹೆಸರಿನಲ್ಲಿ ಆರ್ಥಿಕ ವರ್ಷವನ್ನು ಸೇರಿಸಿ, ಓದಲು ಮಾತ್ರ ಬರುವಂತೆ ಮಾಡಿ, ಅದೇ ಪುಟಗಳ ಪಿಡಿಎಫ್ ಪ್ರತಿಯೊಂದಿಗೆ ಆ ವರ್ಷದ ಉಳಿದ ಲೆಕ್ಕಪತ್ರಗಳ ಜೊತೆಯಲ್ಲೇ ಇಡಿ. ಬ್ಯಾಂಕಿನವರು ಎರಡು ವರ್ಷದ ಹಿಂದಿನ ಅಂದಾಜನ್ನು ಕೇಳಿದಾಗ ಬೇಕಾಗುವುದು ಅದೇ.